ನಿಮಗಿದು ಗೊತ್ತೇ? ಒಂದು ಶೀಶೆಯಲ್ಲಿ 200 ಕೋಟಿ ಜೀವ!

ಯಾದಗಿರಿಯ ಯಾವುದೇ ಮೆಡಿಕಲ್‌ಗೆ ಹೋಗಿ ನೋಡಿ. ಕೂಸಿನ ಭೇದಿಗೆಂದು ಡಾಕ್ಟರು ಬರೆದುಕೊಡುವ ಪುಟ್ಟ ಪ್ಲಾಸ್ಟಿಕ್ ಶೀಶೆ ಸಿಗುತ್ತದೆ. ಒಳಗೆ ಬರೀ 5 ಮಿ.ಲೀ. ದ್ರವ. ಆದರೆ ಅಷ್ಟರಲ್ಲೇ 200 ಕೋಟಿ ಬ್ಯಾಕ್ಟೀರಿಯಾ! ಇಡೀ ಭಾರತದ ಜನಸಂಖ್ಯೆಗಿಂತ ಹೆಚ್ಚು! ಹೀಗೆ ಒಳ್ಳೆಯದಾಗಲೆಂದು ಜೀವಂತವಾಗಿಯೇ ಕುಡಿಸುವ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್.

ಆ ಶೀಶೆಯಲ್ಲಿರುವುದು ಬ್ಯಾಸಿಲಸ್ ಕ್ಲಾಸಿ. ಗಟ್ಟಿ ಕವಚ ತೊಟ್ಟು ನಿದ್ದೆ ಹೊಡೆಯುತ್ತಿರುತ್ತದೆ. ಜಠರದ ಆಮ್ಲಕ್ಕೂ ಎಚ್ಚರವಾಗುವುದಿಲ್ಲ! ಕರುಳು ತಲುಪಿದ ಮೇಲೇ ಕಣ್ಣುಬಿಡುವುದು.

ಎಲ್ಲ ಪ್ರೋಬಯಾಟಿಕ್‌ಗಳೂ ಇಷ್ಟು ಗಟ್ಟಿಗರಲ್ಲ. ಕೆಲವಕ್ಕೆ ಫ್ರಿಜ್ ಬೇಕೇ ಬೇಕು. ಶಹಾಪುರದ ಬೆಟ್ಟದ ಬಂಡೆಗಳು ಕಾದು ಕೆಂಡವಾಗುವ ಮೇ ತಿಂಗಳಲ್ಲಿ, ಬಸ್ಸಿನ ಚೀಲದಲ್ಲಿ ಮಧ್ಯಾಹ್ನವೆಲ್ಲ ಕೂತ ಬಾಟಲಿಯೊಳಗೆ ಎಷ್ಟು ಉಳಿದಿರುತ್ತವೋ! ಬಿಸಿ ಹಾಲಿಗೆ ಬೆರೆಸಿದರಂತೂ ದುಡ್ಡು ಕೊಟ್ಟು ತಂದ ಜೀವಿಗಳನ್ನು ನೀವೇ ಬೇಯಿಸಿದಂತೆ.

ಕೂಸಿನ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಮೊದಲು ಕಂಡಿದ್ದು ಎಲ್ಲಿ ಗೊತ್ತೇ? ಮಲದಲ್ಲಿ! 1899ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸ್ಸಿಯೆ ಎದೆಹಾಲು ಕುಡಿಯುವ ಶಿಶುಗಳ ಮಲವನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಕವಣೆಯ ಕವೆಗೋಲಿನಂತೆ ಎರಡಾಗಿ ಸೀಳಿದ ಬ್ಯಾಕ್ಟೀರಿಯಾ ಕಂಡವು. ಅವೇ ಇಂದಿನ ಬೈಫಿಡೋಬ್ಯಾಕ್ಟೀರಿಯಾ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇಳಿ. ತಾಯಿಹಾಲಿನಲ್ಲಿ ಕೂಸಿಗೆ ಜೀರ್ಣವೇ ಆಗದ ಸಕ್ಕರೆಗಳಿವೆ! ಒಂದೆರಡಲ್ಲ, ನೂರಕ್ಕೂ ಹೆಚ್ಚು ಬಗೆ. ಹಾಲಿನ ಘನ ಅಂಶಗಳಲ್ಲಿ ಲ್ಯಾಕ್ಟೋಸ್, ಕೊಬ್ಬು ಬಿಟ್ಟರೆ ಇವುಗಳದ್ದೇ ಮೂರನೇ ಸ್ಥಾನ. ಕೂಸಿಗೆ ದಕ್ಕದ್ದನ್ನು ತಾಯಿಯ ದೇಹ ಇಷ್ಟು ಕಷ್ಟಪಟ್ಟು ಯಾಕೆ ಮಾಡುತ್ತದೆ? ಕೂಸಿನ ಕರುಳಿನ ಬೈಫಿಡೋಬ್ಯಾಕ್ಟೀರಿಯಾಕ್ಕೆ ಉಣಿಸಲು! ಬಾಣಂತಿ ಒಂದು ಕೂಸಿಗೆ ಹಾಲೂಡಿಸುತ್ತೇನೆಂದುಕೊಂಡಿರುತ್ತಾಳೆ. ಉಣ್ಣುವ ಬಾಯಿಗಳು ಕೋಟಿ ಕೋಟಿ!

ಸಂಜೆಯಾದರೆ ಕಾರಣವಿಲ್ಲದೆ ಕಿರಿಚುವ ಕೂಸಿಗೆ ಕೊಡುವ ಹನಿಗಳ ಮೂಲ ಇನ್ನೂ ದೂರದ್ದು. ಲ್ಯಾಕ್ಟೋಬ್ಯಾಸಿಲಸ್ ರಾಯ್ಟೆರಿ ಎಂಬ ಈ ಬ್ಯಾಕ್ಟೀರಿಯಾದ ಮೂಲ ತಳಿ ಸಿಕ್ಕಿದ್ದು ಪೆರು ದೇಶದ ತಾಯಿಯೊಬ್ಬಳ ಎದೆಹಾಲಿನಲ್ಲಿ! ಅದಕ್ಕಿಂತ ವಿಚಿತ್ರ: ಅಧ್ಯಯನಗಳಲ್ಲಿ ಎದೆಹಾಲು ಕುಡಿಯುವ ಕೂಸುಗಳ ಅಳು ಇದರಿಂದ ಕಡಿಮೆಯಾಯಿತು. ಡಬ್ಬಿ ಹಾಲಿನ ಕೂಸುಗಳಲ್ಲಿ ಅಂಥ ಗುಣ ಕಾಣಲಿಲ್ಲ!

ಇನ್ನೊಂದು ಪ್ರೋಬಯಾಟಿಕ್ ಬ್ಯಾಕ್ಟೀರಿಯಾವೇ ಅಲ್ಲ, ಯೀಸ್ಟ್! 1920ರ ದಶಕದಲ್ಲಿ ಇಂಡೋಚೀನಾದಲ್ಲಿ ಕಾಲರಾ ಹಬ್ಬಿತ್ತು. ಅಲ್ಲಿನ ಜನ ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿಯುವುದನ್ನು ಫ್ರಾನ್ಸಿನ ಹೆನ್ರಿ ಬೂಲಾರ್ ಗಮನಿಸಿದರು. ಆ ಸಿಪ್ಪೆಯಿಂದ ಬೇರ್ಪಡಿಸಿದ್ದೇ ಸ್ಯಾಕರೋಮೈಸಿಸ್ ಬೂಲಾರ್ಡಿ. ಯೀಸ್ಟ್ ಆದ್ದರಿಂದ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್‌ಗೂ ಜಗ್ಗುವುದಿಲ್ಲ!

ಡಬ್ಬದ ಮೇಲಿನ ಹೆಸರಿನ ಬಾಲ ಓದಿದ್ದೀರಾ? ‘ಡಿಎಸ್‌ಎಂ 17938’ ಎಂದಿದ್ದರೆ ಅದು ಗಾಡಿ ನಂಬರ್ ಅಲ್ಲ, ತಳಿಯ ಗುರುತು! ಒಂದೇ ಜಾತಿಯ ಎರಡು ತಳಿಗಳ ಗುಣ ಬೇರೆ ಬೇರೆ. ಅಳುವ ಕೂಸಿಗೆ ಆಗಿಬಂದದ್ದು ಭೇದಿಗೆ ಆಗಬೇಕೆಂದಿಲ್ಲ. ಪಕ್ಕದ ಮನೆಯ ಅತ್ತಿಗೆ ಕೊಟ್ಟಿದ್ದು ಇದೇನಾ ಎಂದು ಡಬ್ಬದ ಬಣ್ಣ ನೋಡಿ ತರುವವರೇ ಹೆಚ್ಚು. ತಳಿಯ ಪೂರ್ತಿ ಹೆಸರು, ಕೊನೆಯ ತಾರೀಖಿನವರೆಗೂ ಉಳಿಯುವ ಜೀವಿಗಳ ಲೆಕ್ಕ, ಎಷ್ಟು ಡಿಗ್ರಿಯಲ್ಲಿ ಇಡಬೇಕೆಂಬುದು: ಈ ಮೂರೂ ಇಲ್ಲದ ಡಬ್ಬ ವಾಪಸ್ ಕೊಡಿ!

ಶಿಶುಗಳ ಪ್ರೋಬಯಾಟಿಕ್ ಕುರಿತ ಬಹುದೊಡ್ಡ ಪ್ರಯೋಗವೊಂದು ನಡೆದಿದ್ದು ಭಾರತದಲ್ಲೇ. ಅದೂ ನಮ್ಮ ಕೆಂಭಾವಿ, ದೋರನಹಳ್ಳಿಯಂಥ ಊರುಗಳಲ್ಲಿ! ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳು. ಅರ್ಧದಷ್ಟು ಕೂಸುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿ, ಜೊತೆಗೆ ಅದಕ್ಕೆ ಬೇಕಾದ ಸಕ್ಕರೆ. ಬರೀ 7 ದಿನ! ನಂಜು ಮತ್ತು ಸಾವು ಒಟ್ಟಾರೆ ಶೇ 40ರಷ್ಟು ಇಳಿಯಿತು. 2017ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಎಲ್ಲವೂ ಎದೆಹಾಲು ಕುಡಿಯುತ್ತಿದ್ದ, ಹುಟ್ಟುವಾಗ 2 ಕಿಲೋಗೆ ಕಡಿಮೆಯಿಲ್ಲದ ಕೂಸುಗಳು ಎಂಬುದು ನೆನಪಿರಲಿ.

ಹಾಗಂತ ಹಿಗ್ಗಬೇಡಿ! ಮರುವರ್ಷ ಅಮೆರಿಕದ ಇನ್ನೊಂದು ಪ್ರಯೋಗ ಪ್ರಕಟವಾಯಿತು. ವಾಂತಿ-ಭೇದಿಯಾದ 971 ಮಕ್ಕಳ ಮೇಲೆ ಇನ್ನೊಂದು ಹೆಸರಾಂತ ತಳಿಯನ್ನು ಪರೀಕ್ಷಿಸಿದ್ದರು. ಅದನ್ನು ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವೇ ಕಾಣಲಿಲ್ಲ.

ಅಚ್ಚರಿಯೆಂದರೆ, ಭೇದಿಯಲ್ಲಿ ಜೀವ ಉಳಿಸುವ ಪುಡಿ ಪಕ್ಕದ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇದೆ. ಅದೂ ಪುಕ್ಕಟೆ! ಓಆರ್‌ಎಸ್. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರಿನಿಂದಲೇ ಕಾಲರಾ ಎದುರಿಸಿದರು. ಈಗ ಓಆರ್‌ಎಸ್ ಜೊತೆಗೆ 14 ದಿನ ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಪ್ರೋಬಯಾಟಿಕ್ ಸರದಿ ಇವೆರಡರ ಹಿಂದೆ!

ದಿನ ತುಂಬದೆ ಹುಟ್ಟಿದ ಕೂಸಿಗೆ ಒಳ್ಳೆಯ ಬ್ಯಾಕ್ಟೀರಿಯಾವೂ ಕೆಡುಕು ಮಾಡಬಹುದು! ರಕ್ತಕ್ಕೇ ನುಗ್ಗಬಹುದು. 2023ರಲ್ಲಿ ಅಮೆರಿಕದ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಇಂಥ ಕೂಸಿಗೆ ಅಂಗಡಿಯಿಂದ ನೇರ ತಂದು ಕುಡಿಸುವ ಮಾತೇ ಬೇಡ, ಮಕ್ಕಳ ಡಾಕ್ಟರನ್ನು ಕೇಳಿ.

ಕೊನೆಗೊಂದು, ಸುರಪುರದ ಅಜ್ಜಿಯರಿಗೂ ಅಚ್ಚರಿ ತರುವಂಥದ್ದು. ಹುಟ್ಟಿದ ಕೆಲವು ವಾರಗಳ ನಂತರ, ಬರೀ ಎದೆಹಾಲು ಕುಡಿಯುವ ಕೂಸು ನಾಲ್ಕೈದು ದಿನ ಮಲವಿಸರ್ಜನೆ ಮಾಡದೆಯೂ ಇರಬಹುದು! ಮಲ ಮೆತ್ತಗಿದ್ದು, ಕೂಸು ಚೆನ್ನಾಗಿ ಹಾಲು ಕುಡಿದು ತೂಕ ಹೆಚ್ಚಿಸಿಕೊಳ್ಳುತ್ತಿದ್ದರೆ ಅದು ಮಲಬದ್ಧತೆಯಲ್ಲ. ಗುಟ್ಟಿಯೂ ಬೇಡ, ಹರಳೆಣ್ಣೆಯೂ ಬೇಡ, 200 ಕೋಟಿಯ ಶೀಶೆಯಂತೂ ಬೇಡವೇ ಬೇಡ!