ಕ್ಲೌನ್ ಮೀನಿನ ಲೋಳೆ, ಅನಿಮೋನಿನ ಕುಟುಕು

ಗಾಜಿನ ತೊಟ್ಟಿಯಲ್ಲಿ ಕ್ಲೌನ್ ಮೀನು ಸಾಕಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. ತಾಗಿದ ಮೀನನ್ನೆಲ್ಲ ಕುಟುಕಿ ಹಿಡಿಯಬಲ್ಲ ಕಡಲ ಅನಿಮೋನ್ ಇದೊಂದನ್ನು ಮಾತ್ರ ಮಡಿಲಲ್ಲಿಟ್ಟುಕೊಳ್ಳುವುದು ಹೇಗೆ ಎಂಬುದು ಒಂದು. ಆ ಮಡಿಲಿಲ್ಲದೆ ಈ ಮೀನು ಬದುಕೀತೇ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ವಿಜ್ಞಾನ ಬಹುಕಾಲ ಹುಡುಕಾಡಿ ಈಚೆಗೆ ಬಹಳ ಸೊಗಸಾದ ವಿವರಣೆಯೊಂದನ್ನು ಮುಟ್ಟಿದೆ. ಎರಡನೆಯದರ ಉತ್ತರ ಸರಳವಾಗಿದ್ದರೂ ಅದನ್ನು ತಿಳಿಯದೆ ಕೊಂಡು ತಂದ ಅನಿಮೋನ್‌ಗಳು ಮನೆಯ ತೊಟ್ಟಿಗಳಲ್ಲಿ ಸಾಯುತ್ತಲೇ ಇವೆ.

ಶಿಕಾರಿಪುರ, ಸೊರಬದಂಥ ಒಳನಾಡಿನ ಊರುಗಳಲ್ಲಿ ಈ ಪ್ರಶ್ನೆಗಳಿಗೆ ವಿಶೇಷ ತೂಕವಿದೆ. ಕುಮುದ್ವತಿ, ದಂಡಾವತಿ, ವರದಾ ನದಿಗಳ ಈ ಸೀಮೆ ಕೆರೆಗಳ ಸೀಮೆ. ಬೇಸಿಗೆಯಲ್ಲಿ ನೀರಿಳಿದ ಕೆರೆಗೆ ಊರವರೆಲ್ಲ ಕೂಣಿ ಹಿಡಿದು ಇಳಿಯುವ ಕೆರೆಬೇಟೆ ಇಲ್ಲಿನ ವಾಡಿಕೆಯಾದ್ದರಿಂದ ಮೀನಿನ ಸ್ವಭಾವ ಬಲ್ಲವರಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಆ ಅರಿವೆಲ್ಲ ಸಿಹಿನೀರಿನದು. ಕ್ಲೌನ್ ಮೀನು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ಕಿನ ಹವಳದಿಬ್ಬಗಳ ಜೀವಿ; ಸಿನಿಮಾದಿಂದ ಮನೆಮಾತಾದ, ಕಿತ್ತಳೆ ಮೈಯ ಮೇಲೆ ಮೂರು ಬಿಳಿ ಪಟ್ಟೆಯ ಆಂಫಿಪ್ರಿಯಾನ್ ಒಸೆಲ್ಲಾರಿಸ್ ನಮ್ಮ ಅಂಡಮಾನಿನ ಕಡಲಲ್ಲೂ, ಅದರ ಬಂಧು ಆಂಫಿಪ್ರಿಯಾನ್ ಸೀಬೆ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲೂ ಇವೆ. ಹೊನ್ನಾವರಕ್ಕೋ ಭಟ್ಕಳಕ್ಕೋ ಘಟ್ಟ ಇಳಿದರೆ ಮಾತ್ರ ಸಿಗುವ ಕಡಲನೀರನ್ನು ಘಟ್ಟದ ಮೇಲಿನ ಮನೆಯಲ್ಲೇ ತಯಾರಿಸಬೇಕಾದರೆ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವುಗಳ ಲವಣಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂ ಪ್ರಮಾಣದಲ್ಲಿ ಶುದ್ಧನೀರಿಗೆ ಬೆರೆಸಬೇಕಾಗುತ್ತದೆ. ಅಡುಗೆಮನೆಯ ಉಪ್ಪು ಆ ಕೆಲಸಕ್ಕೆ ಒದಗದು.

ಅನಿಮೋನನ್ನು ಕಡಲ ಹೂವೆಂದೋ ಗಿಡವೆಂದೋ ತಿಳಿದು ಅಲಂಕಾರಕ್ಕೆ ಕೊಳ್ಳುವವರಿದ್ದಾರೆ. ಅದು ಗಿಡವಲ್ಲ, ಮಾಂಸಾಹಾರಿ ಪ್ರಾಣಿ. ಜೆಲ್ಲಿಮೀನು ಮತ್ತು ಹವಳಗಳ ಕುಲಕ್ಕೆ ಸೇರಿದ್ದು. ಕೆರೆಕುಂಟೆಗಳ ಜಲಸಸ್ಯಗಳಿಗೆ ಅಂಟಿಕೊಂಡು ಬದುಕುವ ಹೈಡ್ರಾ ಅದರ ದೂರದ ನೆಂಟ. ಈ ಕುಲದವೆಲ್ಲಕ್ಕೂ ಕುಟುಕುಕಣಗಳೆಂಬ ಆಯುಧಗಳಿವೆ: ಬಾಯಿಯ ಸುತ್ತಲಿನ ಕರಬಳ್ಳಿಗಳಲ್ಲಿ ಹುದುಗಿರುವ ಒಂದೊಂದು ಕುಟುಕುಕೋಶದೊಳಗೂ ಒತ್ತಡ ತುಂಬಿದ ಸಂಪುಟವಿದ್ದು, ಅದರಲ್ಲಿ ಸುರುಳಿ ಸುತ್ತಿಕೊಂಡಿರುವ ಟೊಳ್ಳುದಾರವು ಪ್ರಚೋದನೆ ದೊರೆತೊಡನೆ ಹೊರಚಿಮ್ಮಿ ಬೇಟೆಯ ಚರ್ಮವನ್ನು ಚುಚ್ಚಿ ವಿಷವಿಳಿಸುತ್ತದೆ. ಹೈಡ್ರಾದಲ್ಲಿ ಈ ಚುಚ್ಚುವಿಕೆಯ ಅತಿವೇಗದ ಘಟ್ಟ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ಮುಗಿಯುತ್ತದೆಂದು 2006ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಇಂಥ ಆಯುಧವನ್ನು ಓಡಿ ತಪ್ಪಿಸಿಕೊಳ್ಳುವುದು ಯಾವ ಮೀನಿಗೂ ಸಾಧ್ಯವಿಲ್ಲದ್ದರಿಂದ, ಅದು ಹಾರದಂತೆಯೇ ನೋಡಿಕೊಳ್ಳುವುದೊಂದೇ ಉಳಿಯುವ ದಾರಿ.

ಹಾಗೆ ನೋಡಿಕೊಳ್ಳುವ ಬಗೆಯಲ್ಲೇ ಈ ಕಥೆಯ ತಿರುಳಿದೆ. ಒಮ್ಮೆ ಹಾರಿದ ಕುಟುಕುಕಣ ಮತ್ತೆ ಬಳಕೆಗೆ ಬಾರದಾದ್ದರಿಂದ ಅನಿಮೋನ್ ಅದನ್ನು ಕಲ್ಲು ತಾಗಿದರೂ ಪಾಚಿ ತಾಗಿದರೂ ವ್ಯರ್ಥಮಾಡುವಂತಿಲ್ಲ. ತಾಗಿದ್ದು ಬೇಟೆಯೇ ಎಂದು ಅದು ರುಚಿ ನೋಡಿ ತೀರ್ಮಾನಿಸುತ್ತದೆ. ಮೀನಿನ ಮೈಲೋಳೆಯಲ್ಲಿರುವ ಸಕ್ಕರೆ ಹೊತ್ತ ಪ್ರೋಟೀನುಗಳ ತುದಿಗಳಲ್ಲಿ ಸಾಮಾನ್ಯವಾಗಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆ ಜಾತಿಯ ಅಣುಗಳಿರುತ್ತವೆ. ಈ ಬಗೆಯ ಅಣುಗಳು ಅನಿಮೋನಿಗೆ ತಗುಲಿದಾಗ ಅದರ ಕುಟುಕುಕೋಶಗಳ ಬಳಿಯ ಸೂಕ್ಷ್ಮರೋಮಗಳು ಈಜುವ ಬೇಟೆಯ ಕಂಪನಕ್ಕೆ ತಕ್ಕಂತೆ ಶ್ರುತಿಗೊಳ್ಳುತ್ತವೆಂದು ಗ್ಲೆನ್ ವಾಟ್ಸನ್ ಮತ್ತು ಡೇವಿಡ್ ಹೆಸ್ಸಿಂಜರ್ 1989ರಲ್ಲಿ ತೋರಿಸಿದರು. ಎಂದರೆ ಮೊದಲು ರಾಸಾಯನಿಕ ಸುಳಿವು, ಅನಂತರ ಸ್ಪರ್ಶ, ಎರಡೂ ಕೂಡಿದರೆ ಕುಟುಕು. ಕ್ಲೌನ್ ಮೀನಿನ ಲೋಳೆಯಲ್ಲಿ ಆ ಮೊದಲ ಸುಳಿವೇ ತೀರ ಕಡಿಮೆ. ಬಿಎಂಸಿ ಬಯಾಲಜಿ ಪತ್ರಿಕೆಯಲ್ಲಿ 2025ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಇನ್ನೊಂದು ಬೆರಗಿನ ವಿವರವನ್ನು ಸೇರಿಸಿತು: ಮೊಟ್ಟೆಯೊಡೆದು ತೆರೆದ ಕಡಲಲ್ಲಿ ತೇಲುವ ಮರಿಗಳ ಲೋಳೆಯಲ್ಲಿ ಬೇರೆ ಮೀನುಗಳಲ್ಲಿರುವಷ್ಟೇ ಸಿಯಾಲಿಕ್ ಆಮ್ಲವಿರುತ್ತದೆ, ಮರಿ ರೂಪಾಂತರಗೊಂಡು ಮೈಮೇಲೆ ಬಿಳಿ ಪಟ್ಟೆ ಮೂಡುವ ಹೊತ್ತಿಗೆ ಅದು ಇಳಿಯುತ್ತದೆ, ಅನಿಮೋನ್ ಮರಿಯನ್ನು ಸಹಿಸತೊಡಗುವುದೂ ಆಗಲೇ. ಅನಿಮೋನಿನ ಸ್ವಂತ ಲೋಳೆಯಲ್ಲೂ ಈ ಆಮ್ಲ ಇಲ್ಲವಾದ್ದರಿಂದ, ಒಂದು ಕರಬಳ್ಳಿ ಇನ್ನೊಂದನ್ನು ಕುಟುಕದಿರುವುದಕ್ಕೂ ಕ್ಲೌನ್ ಮೀನು ಪಾರಾಗುವುದಕ್ಕೂ ಒಂದೇ ಬಗೆಯ ಕಾರಣವಿರುವಂತೆ ಕಾಣುತ್ತದೆ.

ಇಷ್ಟರಿಂದ ಎಲ್ಲವೂ ಮುಗಿಯುವುದಿಲ್ಲ. ಹೊಸ ಅನಿಮೋನನ್ನು ತೊಟ್ಟಿಗೆ ಬಿಟ್ಟಾಗ ಅನೇಕ ಕ್ಲೌನ್ ಮೀನುಗಳು ನೇರವಾಗಿ ಒಳನುಗ್ಗದೆ, ಮೊದಲು ಬಾಲದ ತುದಿಯನ್ನು, ಆಮೇಲೆ ಹೊಟ್ಟೆಯನ್ನು ಕರಬಳ್ಳಿಗೆ ಸೋಕಿಸಿ ಹಿಂದೆಗೆಯುತ್ತವೆ, ತುದಿಗಳನ್ನು ಬಾಯಿಂದ ಮೆಲ್ಲಗೆ ಕಚ್ಚುತ್ತವೆ, ಮತ್ತೆ ಮತ್ತೆ ಮರಳಿ ಕೆಲವು ನಿಮಿಷಗಳಲ್ಲೋ ಗಂಟೆಗಳಲ್ಲೋ ಪೂರ್ಣವಾಗಿ ಒಳಸೇರುತ್ತವೆ. ಈ ನಡೆಯನ್ನು ಡೆಮೊರೆಸ್ಟ್ ಡೇವನ್‌ಪೋರ್ಟ್ ಮತ್ತು ಕೆನ್ನೆತ್ ನಾರಿಸ್ 1958ರಷ್ಟು ಹಿಂದೆಯೇ ಪ್ರಯೋಗಕ್ಕೊಳಪಡಿಸಿ, ರಕ್ಷಣೆ ಮೀನಿನ ಲೋಳೆಯಲ್ಲಿದೆಯೆಂದು ವಾದಿಸಿದ್ದರು. ಮೀನಿನ ಸ್ವಂತ ಲೋಳೆಯ ಗುಣದ ಜೊತೆಗೆ ಅನಿಮೋನಿನ ಲೋಳೆಯನ್ನು ಮೈಗೆ ಸವರಿಕೊಳ್ಳುವುದೂ ಕೆಲವು ಪ್ರಭೇದಗಳಲ್ಲಿ ನೆರವಾಗುತ್ತದೆ. ಆದ್ದರಿಂದಲೇ ಹೊಸ ಮೀನನ್ನು ಬಲೆಯಲ್ಲಿ ಹಿಡಿದು ಅನಿಮೋನಿನ ಮೇಲೆ ಸುರಿಯುವುದು ಕ್ರೂರವೂ ನಿರರ್ಥಕವೂ ಆದ ಕೆಲಸ. ಲೋಳೆ ಒರೆಸಿಹೋದ ಮೀನು ಅಲ್ಲೇ ಕುಟುಕಿಗೆ ಸಿಲುಕಬಹುದು.

ಈ ನಂಟಿನಲ್ಲಿ ಅನಿಮೋನಿಗೆ ದಕ್ಕುವುದನ್ನು ಸೊರಬ ತಾಲ್ಲೂಕಿನವರಿಗೆ ವಿವರಿಸುವುದು ಸುಲಭ. ಗುಡವಿಯ ಪಕ್ಷಿಧಾಮದಲ್ಲಿ ಮಳೆಗಾಲದಲ್ಲಿ ಕೆರೆಯ ನಡುವಿನ ಮರಗಳ ಮೇಲೆ ಗೂಡುಕಟ್ಟುವ ಬಿಳಿ ಕೆಂಬರಲುಗಳ ಹಿಕ್ಕೆ ನೀರಿಗೆ ಬಿದ್ದು ಸಾರಜನಕದ ಗೊಬ್ಬರವಾಗುವಂತೆ, ಕ್ಲೌನ್ ಮೀನು ಕಿವಿರಿನಿಂದ ಹೊರಬಿಡುವ ಅಮೋನಿಯಾ ಅನಿಮೋನಿನ ಅಂಗಾಂಶದೊಳಗೆ ನೆಲೆಸಿರುವ ಜೂಕ್ಸಾಂಥೆಲೆ ಎಂಬ ಏಕಕೋಶ ಪಾಚಿಗಳಿಗೆ ಗೊಬ್ಬರವಾಗುತ್ತದೆ. ಆ ಪಾಚಿಗಳು ಬೆಳಕಿನ ನೆರವಿನಿಂದ ತಯಾರಿಸಿದ ಸಕ್ಕರೆಯ ಬಹುಪಾಲು ಅನಿಮೋನಿಗೆ ಸಲ್ಲುತ್ತದೆ. ಮೀನಿರುವ ಅನಿಮೋನ್‌ಗಳು ಮೀನಿಲ್ಲದವುಗಳಿಗಿಂತ ಬೇಗ ಬೆಳೆಯುವುದಕ್ಕೆ ಇದೂ ಒಂದು ಕಾರಣ. ರಾತ್ರಿ ಪಾಚಿಗಳು ಆಮ್ಲಜನಕ ಉತ್ಪಾದಿಸದ ಹೊತ್ತಿನಲ್ಲಿ ಮೀನುಗಳು ಕರಬಳ್ಳಿಗಳ ನಡುವೆ ತಿರುಗಾಡಿ, ರೆಕ್ಕೆ ಬೀಸಿ, ಹೊಸನೀರನ್ನು ಅನಿಮೋನಿನೊಳಕ್ಕೆ ತಳ್ಳುತ್ತವೆಂಬುದನ್ನು ಕೆಂಪು ಸಮುದ್ರದ ಕ್ಲೌನ್ ಮೀನುಗಳ ಮೇಲಿನ 2013ರ ಅಧ್ಯಯನ ತೋರಿಸಿದೆ. ಮನೆಯ ತೊಟ್ಟಿಯಲ್ಲಿ ಹಾಕಿದ ಸಿಗಡಿ ತುಂಡನ್ನು ಮೀನು ಕಚ್ಚಿಕೊಂಡು ಹೋಗಿ ಅನಿಮೋನಿನ ಮೇಲಿಡುವುದನ್ನು ಸಾಕುವವರು ಬಹುಕಾಲದಿಂದ ಕಂಡಿದ್ದಾರೆ.

ಇಷ್ಟು ಹೊಂದಿಕೆಯಿದ್ದರೂ ಗಾಜಿನೊಳಗೆ ಕ್ಲೌನ್ ಮೀನಿಗೆ ಅನಿಮೋನ್ ಅನಿವಾರ್ಯವಲ್ಲ. ಕಡಲಲ್ಲಿ ಅದು ಬೇಕಾಗುವುದು ನುಂಗಲು ಬರುವ ದೊಡ್ಡ ಮೀನುಗಳಿಂದ ಮರೆಗಾಗಿ. ಅಂಥ ಶತ್ರುಗಳಿಲ್ಲದ ತೊಟ್ಟಿಯಲ್ಲಿ ಇವು ಅನಿಮೋನ್ ಇಲ್ಲದೆಯೇ ಎರಡು ದಶಕ ಬದುಕಬಲ್ಲವು, ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಸಂತಾನವನ್ನೂ ಬೆಳೆಸಬಲ್ಲವು. ಎಲ್ಲ ಕ್ಲೌನ್ ಮೀನುಗಳೂ ಮೊದಲು ಗಂಡಾಗಿ ಬೆಳೆದು, ಗುಂಪಿನ ಅತಿದೊಡ್ಡದು ಮಾತ್ರ ಹೆಣ್ಣಾಗುವುದರಿಂದ ಎರಡು ಎಳೆಯ ಮೀನುಗಳಿದ್ದರೆ ಜೋಡಿ ತಾನಾಗಿಯೇ ಏರ್ಪಡುತ್ತದೆ. ಅನಿಮೋನನ್ನೇ ಕಾಣದೆ ಬೆಳೆದ ಮೀನು ಕೆಲವೊಮ್ಮೆ ತೊಟ್ಟಿಯ ಮೂಲೆಯನ್ನೋ ಮೃದುಹವಳವನ್ನೋ ನೆಲೆಯಾಗಿಸಿಕೊಂಡು ಅಲ್ಲಿಯೇ ಕಾವಲು ಕಾಯುತ್ತದೆ.

ನಿಜವಾಗಿ ಆರೈಕೆ ಬೇಕಿರುವುದು ಅನಿಮೋನಿಗೆ. ಅದಕ್ಕೆ ಪ್ರಖರ ಬೆಳಕು, ಏರಿಳಿಯದ ಲವಣಾಂಶ, ಸುಮಾರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಬಿಸಿ ಮತ್ತು ಹಲವು ತಿಂಗಳು ನಡೆದು ಹದಗೊಂಡ ತೊಟ್ಟಿ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ ಮಲೆನಾಡಿನ ಊರುಗಳಲ್ಲಿ ಪಂಪು ನಿಂತರೆ ನೀರಿನ ಆಮ್ಲಜನಕ ಇಳಿಯುವುದರಿಂದ ಬ್ಯಾಟರಿಯ ಆಸರೆಯೂ ಅಗತ್ಯ. ಅಂಗಡಿಯಲ್ಲಿ ಅಚ್ಚಬಿಳುಪಾಗಿ ಮೋಹಕವಾಗಿ ಕಾಣುವ ಅನಿಮೋನ್ ಸಾಮಾನ್ಯವಾಗಿ ಪಾಚಿಗಳನ್ನು ಕಳೆದುಕೊಂಡು ಹಸಿದಿರುವ ರೋಗಿ. ಕಡು ಹಳದಿ, ಗುಲಾಬಿ ಬಣ್ಣದವುಗಳಲ್ಲಿ ಕೆಲವು ಕೃತಕವಾಗಿ ಬಣ್ಣ ಹಾಕಿದವು. ಅವು ವಾರಗಳ ಕಾಲ ಕುಗ್ಗುತ್ತ ಹೋಗಿ ಸತ್ತು ಕೊಳೆತಾಗ ನೀರೆಲ್ಲ ಕೆಟ್ಟು, ಜೊತೆಯಲ್ಲಿದ್ದ ಮೀನುಗಳೂ ಸಾಯುತ್ತವೆ.

ಆಗ ಕೇಳಿಬರುವ ಮಾತನ್ನು ಕಟುವಾಗಿಯೇ ಖಂಡಿಸಬೇಕಾಗಿದೆ. ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡು ಸತ್ತಿತೆಂದು ಸಮಾಧಾನಪಟ್ಟು, ಅದೇ ನೀರಿಗೆ ಇನ್ನೆರಡು ಮೀನು ತಂದು ಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ತೊಟ್ಟಿ ಇಂಥ ದಿಕ್ಕಿನಲ್ಲಿರಬೇಕು, ಮೀನುಗಳ ಸಂಖ್ಯೆ ಇಂತಿಷ್ಟಿರಬೇಕು ಎಂದು ವಾಸ್ತುವಿನ ಹೆಸರಲ್ಲಿ ಹೇಳುವವರೂ ಇದ್ದಾರೆ. ಮೀನು ಯಾರ ಗ್ರಹಚಾರವನ್ನೂ ಹೊರುವುದಿಲ್ಲ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟಾಗಿಯೂ ಅದನ್ನು ಕಡಿಮೆ ಹಾನಿಯ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ವಾರಗಳೇ ಬೇಕು. ಅದಕ್ಕೆ ಮೊದಲೇ ಮೀನು ತುಂಬಿದರೆ ಅವು ತಮ್ಮದೇ ಅಮೋನಿಯಾದಿಂದ ಕಿವಿರು ಸುಟ್ಟುಕೊಂಡು ಸಾಯುತ್ತವೆ. ಕಡಲಲ್ಲಿ ಅನಿಮೋನಿನ ಪಾಚಿಗೆ ಗೊಬ್ಬರವಾಗುವ ವಸ್ತುವೇ ಇಕ್ಕಟ್ಟಾದ ಹೊಸ ತೊಟ್ಟಿಯಲ್ಲಿ ವಿಷವಾಗುತ್ತದೆಂಬ ಈ ಸತ್ಯವನ್ನು ಕಂಟಕದ ಕಥೆ ಮುಚ್ಚಿಡುವುದರಿಂದ, ಆ ನಂಬಿಕೆ ನಿರುಪದ್ರವಿಯಲ್ಲ, ಜೀವಹಾನಿಯ ಕಾರಣ.

ಹೀಗಾಗಿ ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಕಡಲ ತೊಟ್ಟಿ ಕಟ್ಟುವವರು ಅಮೋನಿಯಾ ಪರೀಕ್ಷೆಯ ಕಿಟ್ಟನ್ನು ಮೀನಿಗಿಂತ ಮೊದಲೇ ಕೊಳ್ಳುವುದು ವಿವೇಕ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳ ಮರಿಮಾಡುವ ವಿಧಾನವನ್ನು ನಮ್ಮ ದೇಶದಲ್ಲೇ ಸಿದ್ಧಪಡಿಸಿರುವುದರಿಂದ, ಹವಳದಿಬ್ಬದಿಂದ ಕಿತ್ತು ತಂದ ಮೀನಿನ ಬದಲು ಮರಿಕೇಂದ್ರದಲ್ಲಿ ಹುಟ್ಟಿದ ಜೋಡಿಯನ್ನು ಆಯ್ದುಕೊಳ್ಳಬಹುದು. ನೀರಿನ ಹದ ವರ್ಷಕಾಲ ಕೆಡದೆ ಉಳಿದ ಮೇಲಷ್ಟೇ ಅನಿಮೋನಿನ ಯೋಚನೆ ಮಾಡಿದರೆ ಸಾಕು. ಅಷ್ಟು ಕಾಯಲಾಗದವರು ಅದನ್ನು ಕಡಲಿಗೇ ಬಿಟ್ಟು ಜೋಡಿ ಮೀನನ್ನಷ್ಟೇ ಸಾಕಿದರೂ ಆ ಮೀನುಗಳಿಗೆ ಏನೂ ಕೊರತೆಯಾಗದು.