ಶರೀಫರ ಪದ: ಏಕತಾರಿಯಿಂದ ಗಿಟಾರಿಗೆ

ಅಕ್ಕಲಕೋಟ: ಶಿಶುನಾಳ ಶರೀಫರ ತತ್ವಪದ ಯಾವ ಧಾಟಿಯಲ್ಲಿ ಚೆಂದ? ಗಡಿಭಾಗದ ಭಜನಾ ಪ್ರಿಯರಲ್ಲಿ ಈ ವಾದಕ್ಕೆ ಮುಪ್ಪಿಲ್ಲ. ಏಕತಾರಿ, ತಾಳ, ದಮ್ಮಡಿ ಕೇಳಿ ಬೆಳೆದ ಹಿರಿಯರಿಗೆ ಸಿನಿಮಾ ಧಾಟಿ ಸಪ್ಪೆ. ಸೊಲ್ಲಾಪುರದ ಮರಾಠಿ ಶಾಲೆಯಲ್ಲಿ ಕಲಿತ ಹುಡುಗರಿಗೆ ಗಿಟಾರ್ ಇದ್ದರೇ ಪದ ಹತ್ತಿರ.

ಹಾವೇರಿ ಜಿಲ್ಲೆಯ ಶರೀಫರು (1819–1889) ಆಡುಮಾತಿನಲ್ಲೇ ಪದ ಕಟ್ಟಿದರು. ಅವು ಬಾಯಿಂದ ಬಾಯಿಗೆ ಬಂದವು, ಊರಿಗೊಂದು ಧಾಟಿ ಹುಟ್ಟಿತು. ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟು, ಮುಂದೆ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರ ಬಂದ ಮೇಲೆ ಮನೆಮನೆಗೂ ಒಂದೇ ಧಾಟಿ ಮುಟ್ಟಿತು. ಪದ ಪ್ರಸಿದ್ಧಿಗೆ ಬಂತು, ಊರಿನ ಧಾಟಿ ಹಿಂದೆ ಸರಿಯಿತು.

2008ರ ಆಲ್ಬಂನಲ್ಲಿ ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರನ್ನು ಹಾಡಿದರು. ಒಂದು ಕಾಲಕ್ಕೆ ಹೊಸದೆನಿಸಿದ್ದ ಅಶ್ವತ್ಥರ ಧಾಟಿ ಆಗ ‘ಅಸಲಿ’ ಎನಿಸಿಕೊಂಡಿತು!

ಹಿರಿಯರ ತಕರಾರು ಬರೀ ವಾದ್ಯದ್ದಲ್ಲ. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳಬೇಕು, ಒಗಟಿನಂಥ ಪದದ ಅರ್ಥ ಬಿಡಿಸಬೇಕು. ಮೊಬೈಲಿನಲ್ಲಿ ಒಬ್ಬನೇ ಕೇಳುವವನಿಗೆ ಎರಡೂ ಇಲ್ಲ. ಆದರೆ ಕನ್ನಡ ಅಕ್ಷರ ಗೊತ್ತಿಲ್ಲದ ಮಗುವಿನ ನಾಲಿಗೆಗೆ ಕನ್ನಡ ಹತ್ತಿಸುವುದೂ ಅದೇ ಹಾಡು.

ಹಾಗೆ ಕಲಿತು ಬಂದ ಹುಡುಗನಿಗೆ ‘ಧಾಟಿ ತಪ್ಪೈತಿ’ ಎಂದು ಗದರಿದರೆ ಅವನು ಮತ್ತೆ ಭಜನೆಗೆ ಬರಲಿಕ್ಕಿಲ್ಲ. ಪಕ್ಕದಲ್ಲಿ ಕೂಡ್ರಿಸಿಕೊಂಡು ಕೈಗೆ ತಾಳ ಕೊಟ್ಟರೆ ಊರಿನ ಧಾಟಿಯೂ ಉಳಿದೀತು.