ತೊಟ್ಟಿಲ ಕೂಸಿಗೆ ಅಣ್ಣನ ನೆಗಡಿ

ಬೆಳಗ್ಗೆ ಮದ್ರಸ, ಅದರ ನಂತರ ಶಾಲೆ. ಸಂಜೆ ಒದ್ದೆ ಚಪ್ಪಲಿ ಕಳಚಿ ಒಳಗೆ ಬಂದ ಆರು ವರ್ಷದ ಹುಡುಗ ಮೊದಲು ಓಡುವುದು ತೊಟ್ಟಿಲ ಬಳಿಗೆ. ಹದಿನೈದು ದಿನದ ತಂಗಿಯ ಕೆನ್ನೆಗೆ ಮುತ್ತು ಕೊಟ್ಟರೇ ಅವನಿಗೆ ಸಮಾಧಾನ. ಆದರೆ ಅವನ ಮೂಗು ಎರಡು ದಿನಗಳಿಂದ ಸೋರುತ್ತಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಇದು ದಿನನಿತ್ಯದ ದೃಶ್ಯ. ಮಕ್ಕಳಿಗೆ ಶೀತ ಸಾಮಾನ್ಯ ಎಂದು ನಾವು ಸುಮ್ಮನಾಗುತ್ತೇವೆ. ಆರು ವರ್ಷದವನಿಗೆ ಅದು ಸಾಮಾನ್ಯವೇ. ಹದಿನೈದು ದಿನದ ಕೂಸಿಗೆ ಅಲ್ಲ.

ತಾಯಿ ತಡೆಯಲು ಹೋದರೆ ಮನೆಯಲ್ಲಿ ಎರಡು ಮಾತು ಕೇಳಿಬರುತ್ತದೆ. "ಅಲ್ಲಾಹನು ವಿಧಿಸಿದ್ದು ಬಂದೇ ಬರುತ್ತದೆ" ಎನ್ನುವುದು ಒಂದು. "ಒಡಹುಟ್ಟಿದವನನ್ನೇ ದೂರ ಇಡುವುದಾ?" ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ನಮ್ಮ ದೀನ್‌ನಲ್ಲಿಯೇ ಇದೆ.

ಎಚ್ಚರಿಕೆಯೂ ವಿಧಿಯ ಭಾಗ

ರೋಗವಿರುವ ಒಂಟೆಗಳ ಒಡೆಯನು ಅವನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂದು ಪ್ರವಾದಿ(ಸ)ರು ನಿರ್ದೇಶಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಒಂಟೆಯ ವಿಷಯದಲ್ಲಿ ಇಷ್ಟು ಕಾಳಜಿ ಇರುವಾಗ ಕೂಸಿನ ವಿಷಯದಲ್ಲಿ ಎಷ್ಟಿರಬೇಕು! ಹಿಜರಿ 18ರಲ್ಲಿ ಸಿರಿಯಾದ ಕಡೆಗೆ ಹೊರಟಿದ್ದ ಹಝ್ರತ್ ಉಮರ್(ರ)ರಿಗೆ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ದಾರಿಯಲ್ಲೇ ಸಿಕ್ಕಿತು. ಅವರು ಸಹಾಬಿಗಳೊಂದಿಗೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿಹೋದಂತಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ನಾವು ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಕೈ ತೊಳೆಯುವುದರಿಂದ ತವಕ್ಕುಲ್‌ಗೆ ಕುಂದಿಲ್ಲ.

ಮಕ್ಕಳನ್ನು ಮುದ್ದಿಸುವುದು ಸುನ್ನತ್. ಮೊಮ್ಮಗ ಹಸನ್(ರ)ರನ್ನು ಪ್ರವಾದಿ(ಸ)ರು ಮುತ್ತಿಕ್ಕುತ್ತಿದ್ದರು. ಸೀನು ಬಂದಾಗ ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದರೆಂಬುದನ್ನು ಅಬೂ ದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಪ್ರೀತಿಯನ್ನೂ ಎಚ್ಚರವನ್ನೂ ನಮ್ಮ ಮಕ್ಕಳಿಗೆ ಜೊತೆಜೊತೆಯಾಗಿಯೇ ಕಲಿಸಬೇಕು.

ಕೂಸಿಗೆ ಏಕೆ ಅಪಾಯ?

ನವಜಾತ ಶಿಶು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಅದರ ಶ್ವಾಸನಾಳ ಬಹಳ ಕಿರಿದು. ನಮಗೆ ಬರೀ ಮೂಗು ಕಟ್ಟಿಸುವ ಶೀತ, ಕೂಸಿಗೆ ಹಾಲು ಕುಡಿಯಲಾಗದಂತೆ ಮಾಡುತ್ತದೆ. ಆರ್‌ಎಸ್‌ವಿ ಎಂಬ ವೈರಸ್ ದೊಡ್ಡ ಮಕ್ಕಳಲ್ಲಿ ಸಾಧಾರಣ ನೆಗಡಿಯಾಗಿ ಹೋಗುತ್ತದೆ. ಎಳೆಗೂಸಿನಲ್ಲಿ ಅದೇ ಎದೆಗೆ ಇಳಿದು ಉಬ್ಬಸ ತರಬಹುದು. ಇಂತಹ ತೊಂದರೆ ಮೂರರಿಂದ ಐದನೇ ದಿನಕ್ಕೆ ಉಲ್ಬಣಿಸುವುದು ಹೆಚ್ಚು. ಆದ್ದರಿಂದ ಮೊದಲ ದಿನ ಮಗು ಚೆನ್ನಾಗಿದೆ ಎಂದು ಮೈಮರೆಯಬಾರದು.

ನಾಯಿಕೆಮ್ಮು ಇನ್ನೂ ಗಂಭೀರ. ಎಳೆಗೂಸಿಗೆ ಅದು ಬಂದರೆ ಕೆಮ್ಮೇ ಕಾಣದೆ ಉಸಿರು ನಿಂತುನಿಂತು ಬರಬಹುದು. ಅದರ ಮೊದಲ ಚುಚ್ಚುಮದ್ದು ಸಿಗುವುದು 6 ವಾರಕ್ಕೆ, ಬಳಿಕ 10 ಮತ್ತು 14 ವಾರಕ್ಕೆ. ಅಲ್ಲಿಯವರೆಗೆ ಕೂಸಿನ ಕೋಟೆ ಎಂದರೆ ಮನೆಮಂದಿಯೇ. ದೊಡ್ಡ ಮಗುವಿಗೆ 16ರಿಂದ 24 ತಿಂಗಳೊಳಗಿನ ಮತ್ತು 5ರಿಂದ 6 ವರ್ಷದೊಳಗಿನ ಡಿಪಿಟಿ ಬೂಸ್ಟರ್, ದಡಾರದ ಎರಡು ಡೋಸ್ ಆಗಿದೆಯೇ ಎಂದು ಈಗಲೇ ಕಾರ್ಡ್ ತೆಗೆದು ನೋಡಿ. ಗರ್ಭಿಣಿಯರು ತಮ್ಮ ಚುಚ್ಚುಮದ್ದಿನ ಬಗ್ಗೆ ಹೆರಿಗೆಗೆ ಮೊದಲೇ ವೈದ್ಯರಲ್ಲಿ ಕೇಳಲಿ. ದೊಡ್ಡ ಮಗುವಿಗೆ ಸೀತಾಳೆ ಸಿಡುಬು ಎದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಮಾಡಬೇಕಾದ್ದು

• ಮದ್ರಸ, ಶಾಲೆ, ಅಂಗನವಾಡಿಯಿಂದ ಬಂದ ಮಗು ಮೊದಲು ಸಾಬೂನು ಹಾಕಿ 20 ಸೆಕೆಂಡ್ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ತೊಟ್ಟಿಲ ಬಳಿ ಹೋಗಲಿ.

• ಮುತ್ತು ಪಾದಕ್ಕೆ ಇರಲಿ. ಮುಖಕ್ಕೂ ಕೈಗೂ ಬೇಡ. ಕೂಸು ಕೈಯನ್ನು ಬಾಯಿಗೆ ಹಾಕುತ್ತದೆ.

• ಶೀತ, ಜ್ವರ ಇರುವಷ್ಟು ದಿನ ದೊಡ್ಡ ಮಗು ಬೇರೆ ಹಾಸಿಗೆಯಲ್ಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಉಪ್ಪನ ಜೊತೆಗೋ ಅಜ್ಜಿಯ ಜೊತೆಗೋ ಮಲಗಲಿ. ಅವನ ಮೂಗು ಒರೆಸಿದ ಬಟ್ಟೆ, ಕುಡಿದ ಲೋಟ ಬೇರೆ ಇರಲಿ.

• ತಾಯಿಗೇ ಶೀತ ಬಂದರೂ ಎದೆಹಾಲು ನಿಲ್ಲಿಸಬೇಡಿ. ರೋಗದ ವಿರುದ್ಧ ಹೋರಾಡುವ ಅಂಶಗಳು ಆ ಹಾಲಿನಲ್ಲೇ ಇವೆ. ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಿ.

• ಬಾಣಂತಿ ಕೋಣೆಯ ಕಿಟಕಿ ಸ್ವಲ್ಪ ತೆರೆದಿರಲಿ. ಮಳೆಯೆಂದು ಎಲ್ಲ ಮುಚ್ಚಿ ಲೋಬಾನದ ಹೊಗೆ ಹಾಕುವುದು, ಮನೆಯೊಳಗೆ ಬೀಡಿ-ಸಿಗರೇಟ್ ಸೇದುವುದು ಎಳೆಯ ಎದೆಗೆ ಹಾನಿ.

• ಅಕೀಕಾಕ್ಕೆ ಬರುವವರಲ್ಲಿ ಕೆಮ್ಮು ಇರುವವರು ದೂರದಿಂದಲೇ ದುಆ ಮಾಡಲಿ. ತಹ್ನೀಕ್ ಮಾಡುವವರಿಗೂ ಆರೋಗ್ಯ ಸರಿ ಇರಲಿ. ಒಂದು ವರ್ಷದವರೆಗೆ ಜೇನು ಬೇಡ.

• ದೊಡ್ಡವನ ಕೆಮ್ಮಿನ ಸಿರಪ್ಪನ್ನು ಕೂಸಿಗೆ ಒಂದು ಹನಿಯೂ ಹಾಕಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧಿ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.

ದೊಡ್ಡ ಮಗುವಿನ ಮನಸ್ಸು

ಇದನ್ನೆಲ್ಲ "ಹತ್ತಿರ ಬರಬೇಡ, ಹೋಗಾಚೆ" ಎಂಬ ಗದರಿಕೆಯಲ್ಲಿ ಮಾಡಿದರೆ ಇನ್ನೊಂದು ಗಾಯ ಆಗುತ್ತದೆ. ನಿನ್ನೆಯವರೆಗೆ ಉಮ್ಮನ ಮಡಿಲಲ್ಲಿದ್ದವನಿಗೆ ಇಂದು ಬಾಗಿಲೇ ಮುಚ್ಚಿದಂತೆ ಅನಿಸುತ್ತದೆ. ತನ್ನ ಜಾಗ ಕಸಿದುಕೊಂಡದ್ದು ಈ ಕೂಸೇ ಎಂದು ಅವನು ತಿಳಿದುಕೊಳ್ಳುತ್ತಾನೆ. ಮುಂದೆ ಕೂಸಿಗೆ ಜ್ವರ ಬಂದಾಗ "ನಿನ್ನಿಂದಲೇ ಆದದ್ದು" ಎಂದು ಯಾರಾದರೂ ಹೇಳಿಬಿಟ್ಟರೆ ಆ ಮಾತು ಅವನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಯಾವ ಮಗುವೂ ಬೇಕೆಂದು ರೋಗ ತರುವುದಿಲ್ಲ.

ಬದಲಿಗೆ ಅವನಿಗೆ ಒಂದು ಜವಾಬ್ದಾರಿ ಕೊಡಿ. "ತಂಗಿ ನಿನಗೆ ಅಲ್ಲಾಹನು ಕೊಟ್ಟ ಅಮಾನತ್. ಬಂದವರಿಗೆಲ್ಲ ಕೈ ತೊಳೆಯಲು ಹೇಳುವುದು ನಿನ್ನ ಕೆಲಸ" ಎನ್ನಿ. ವುಝೂ ಮಾಡಲು ಕಲಿತ ಮಗುವಿಗೆ ಕೈ ತೊಳೆಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಸಾಬೂನು ಹಾಕಲು ನೆನಪಿಸಿದರೆ ಸಾಕು. ಶೀತ ಇರುವ ದಿನಗಳಲ್ಲಿ ಬಾಗಿಲಲ್ಲಿ ಕುಳಿತು, ಕಲಿತ ಸೂರಾವನ್ನು ತಂಗಿಗೆ ಕೇಳಿಸಲಿ. ಕೂಸು ಮಲಗಿದಾಗ ಹತ್ತು ನಿಮಿಷ ಉಮ್ಮ ಮಾಸ್ಕ್ ಹಾಕಿಕೊಂಡು ಅವನೊಬ್ಬನ ಜೊತೆ ಕೂರಲಿ, ಎದ್ದ ಮೇಲೆ ಕೈ ತೊಳೆಯಲಿ. ಗಲ್ಫ್‌ನಲ್ಲಿರುವ ಉಪ್ಪ ಫೋನ್ ಮಾಡಿದಾಗ ಮೊದಲು ಅವನನ್ನೇ ವಿಚಾರಿಸಲಿ.

ತಡಮಾಡಬಾರದ ಲಕ್ಷಣಗಳು

ಹಾಲು ಕುಡಿಯದಿರುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಮೈ ತಣ್ಣಗಾಗುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ: ಎರಡು ತಿಂಗಳೊಳಗಿನ ಕೂಸಿನಲ್ಲಿ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಮೊದಲು ಮಂತ್ರಿಸಿದ ನೀರು, ಆಮೇಲೆ ಆಸ್ಪತ್ರೆ ಎಂದೂ ಬೇಡ. ದುಆ ಮಾಡುತ್ತಲೇ ಹೊರಡಿ. ಚಾರ್ಮಾಡಿ ಕಡೆಯವರಿಗೆ ಮಂಗಳೂರು 70 ಕಿಲೋಮೀಟರಿಗೂ ಹೆಚ್ಚು ದೂರ, ಮಳೆಯಲ್ಲಿ ದಾರಿ ಇನ್ನೂ ನಿಧಾನ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೋ ಮಕ್ಕಳ ವೈದ್ಯರಲ್ಲಿಗೋ ತಲುಪಿ; ಬೇಕಾದರೆ ಅವರೇ ವೆನ್ಲಾಕ್‌ಗೆ ಕಳುಹಿಸುತ್ತಾರೆ. ಒಂದು ವರ್ಷದವರೆಗಿನ ಶಿಶುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಅವರು ಬಂದಾಗ ಸಂಕೋಚಪಡದೆ ಕೂಸನ್ನು ತೋರಿಸಿ, ದೊಡ್ಡ ಮಗುವಿನ ಕೆಮ್ಮಿನ ವಿಷಯವನ್ನೂ ಹೇಳಿ.

ಆರೇಳು ವಾರಗಳ ಈ ಎಚ್ಚರ ಬೇಗ ಕಳೆದುಹೋಗುತ್ತದೆ. ತಂಗಿಯನ್ನು ಕಾಪಾಡಿದವನು ತಾನು ಎಂಬ ನೆನಪು ಮಾತ್ರ ಅಣ್ಣನಲ್ಲಿ ಉಳಿಯುತ್ತದೆ. ನಮ್ಮ ಮಕ್ಕಳಿಗೆ ಅಲ್ಲಾಹನು ಆಫಿಯತ್ ಕರುಣಿಸಲಿ. ಆಮೀನ್.